ಹೊಟ್ಟೆ ತುಂಬಿದ ಕೌದಿ

ಕಲಾಪ್ರದರ್ಶನ ಮಾಡುವವರಿಗೆ ಮೊದಲು ಬೇಕಾದದ್ದು ಪ್ರತಿಭೆಯಲ್ಲ, ಕುರ್ಚಿ. ಹಾನಗಲ್ಲಿನ ಸಭಾಭವನದಲ್ಲಿ ನನ್ನ ಏಕವ್ಯಕ್ತಿ ಪ್ರದರ್ಶನ ಕೊನೆಯ ದಿನಕ್ಕೆ ಬರುವಷ್ಟರಲ್ಲಿ ನನಗೆ ಈ ಜ್ಞಾನೋದಯವಾಗಿತ್ತು. ಮೊಳೆ ಹೊಡೆದವಳೂ ನಾನೇ, ಕಸ ಹೊಡೆದವಳೂ ನಾನೇ, ಬಾಗಿಲಲ್ಲಿ ನಿಂತು ಬಂದವರಿಗೆಲ್ಲ ನಕ್ಕವಳೂ ನಾನೇ. ಕಾಲು ಸೋತಿದ್ದವು, ನಗು ಅದಕ್ಕೂ ಮೊದಲೇ ಸೋತಿತ್ತು.

ನಾನು ಚಿತ್ರ ಬರೆಯುತ್ತೇನೆ, ಹೊಲಿಯುತ್ತೇನೆ, ತಂತಿ ಬಗ್ಗಿಸುತ್ತೇನೆ, ಸದ್ದು ಕೂಡಿಸುತ್ತೇನೆ. ಯಾವುದೂ ನೆಟ್ಟಗಿಲ್ಲ ಅಂತ ಮನೆಯವರ ಅಭಿಪ್ರಾಯ. ಗೋಡೆ ತುಂಬ ಗೋಣಿಚೀಲ, ತುಕ್ಕು ಹಿಡಿದ ಕುಡುಗೋಲು, ಒಡೆದ ಹಂಚು. ಬಂದವರು ಎಲ್ಲವನ್ನೂ ಸುತ್ತಿ ನೋಡಿ, "ಪ್ರದರ್ಶನ ಯಾವಾಗ ಚಾಲೂ ಆಗತೈತ್ರಿ?" ಎಂದು ನನ್ನನ್ನೇ ಕೇಳುತ್ತಿದ್ದರು. ಮೊದಲ ದಿನ ವಿವರಿಸಿದೆ. ಆಮೇಲೆ "ಇನ್ನಷ್ಟ ತಡೀರಿ" ಎನ್ನತೊಡಗಿದೆ.

ನನ್ನ ಆಸೆಯೆಲ್ಲ ನಟ್ಟನಡುವೆ ತೂಗುಹಾಕಿದ ಕೌದಿಯ ಮೇಲಿತ್ತು. ಅವ್ವನ ಹಳೆಯ ಸೀರೆಗಳನ್ನು ಪದರ ಪದರವಾಗಿ ಹೊಲಿದು, ಮಧ್ಯೆ ಬೊಗಸೆಯಗಲ ಬಾಯಿ ಬಿಟ್ಟು, ಒಳಗೆ ಸಣ್ಣ ಸ್ಪೀಕರ್ ಇಟ್ಟಿದ್ದೆ. ಅದರಿಂದ ರೊಟ್ಟಿ ಬಡಿಯುವ ಸದ್ದು ಬರುತ್ತಿತ್ತು. ಕೃತಿಯ ಹೆಸರು 'ಹಸಿವು'. ಫೋಟೋ ನೋಡಿ ಮೆಚ್ಚಿದ್ದ ಧಾರವಾಡದ ಗ್ಯಾಲರಿಯವರು ಅಂದು ಮಧ್ಯಾಹ್ನ ಬರುವವರಿದ್ದರು. ಒಪ್ಪಿದರೆ ಪ್ರದರ್ಶನ ಧಾರವಾಡಕ್ಕೆ. ಇಲ್ಲದಿದ್ದರೆ ಎಲ್ಲ ಗಂಟುಕಟ್ಟಿ ಅಟ್ಟಕ್ಕೆ. ಹಾಗಂತ ಠರಾವು ಮಾಡಿಬಿಟ್ಟಿದ್ದೆ.

ಅವರಿಗಿಂತ ಮೊದಲು ಹುಲಗೂರಿನಿಂದ ಚಿಗವ್ವ ಬಂದಳು. ಅವ್ವನ ತಂಗಿ. ಅವ್ವ ಹೋದ ಮೇಲೆ ನನ್ನ ಮುಖ ನೋಡಿದೊಡನೆ "ಉಂಡಿ ಇಲ್ಲೋ?" ಎಂದು ಗದರುವವಳು ಅವಳೊಬ್ಬಳೇ. ಅವಳಿಗೆ ಚಹಾ ತರಲು ಹೋದವಳು, ಹೊಟೇಲಿನಲ್ಲಿ ಕುರ್ಚಿ ಕಂಡು ಕುಳಿತುಬಿಟ್ಟೆ. ತಿರುಗಿ ಬಂದಾಗ ಕೌದಿಯ ಬಾಯಿ ಮುಚ್ಚಿತ್ತು. ಚಿಗವ್ವ ಹಲ್ಲಿನಿಂದ ದಾರ ಹರಿಯುತ್ತಿದ್ದಳು. ಎಲೆ-ಅಡಿಕೆಯ ಸಂಚಿಯಲ್ಲೇ ಸೂಜಿಯೂ ಇರುತ್ತದೆ, ಶಿವನೇ!

ನಮ್ಮ ಕಡೆ ಕೌದಿ ಹೊಲಿಯುವವರು ಕೊನೆಗೆ ನಡುವೆ ಚೂರು ಜಾಗ ಬಿಟ್ಟು, ಹೋಳಿಗೆಯದೋ ರೊಟ್ಟಿಯದೋ ತುಣುಕಿಟ್ಟು ಹೊಲಿದುಬಿಡುತ್ತಾರೆ. ಅದಕ್ಕೆ ಹೊಟ್ಟೆ ತುಂಬಿಸುವುದು ಅಂತಾರೆ. ನನಗೂ ಗೊತ್ತು, ಗೊತ್ತಿದ್ದೇ ಖಾಲಿ ಬಿಟ್ಟಿದ್ದೆ. ಬಯಲು, ಶೂನ್ಯ ಅಂತ ಶರಣರು ಹಾಡಿದ ನಾಡು ನಮ್ಮದು. ಆದರೆ ಕೌದಿಯೊಳಗಿನ ಶೂನ್ಯವನ್ನು ಮಾತ್ರ ಇಲ್ಲಿನ ಹೆಂಗಸರು ಒಂದು ಗಳಿಗೆಯೂ ಸಹಿಸುವುದಿಲ್ಲ.

"ಒಳಗ ರೊಟ್ಟಿ ಬಡ್ಯಾಕತ್ತಾರ, ಒಂದ ತುಣುಕ ಕಾಣವಲ್ದು! ಮರತೀ ಅಂತ ನಾನ ತುಂಬಿಸೇನಿ," ಎಂದಳು. ನನಗೆ ಸಿಟ್ಟು ಬರಬೇಕಿತ್ತು. ಸಿಟ್ಟಿಗೂ ತ್ರಾಣ ಬೇಕಲ್ಲ.

ಅಷ್ಟರಲ್ಲಿ ಗ್ಯಾಲರಿಯವರು ಬಂದರು. "ಫೋಟೋದಾಗ ನಡುವ ಬಾಯಿ ಇತ್ತಲ್ರಿ ಮೇಡಂ?"

"ಉಂಡು ಮುಚ್ಚೈತ್ರಿ," ಎಂದಳು ಚಿಗವ್ವ.

ಅವರು ನಗಲಿಲ್ಲ. ನನ್ನನ್ನು ಪಕ್ಕಕ್ಕೆ ಕರೆದು, ಹೊಲಿಗೆ ಬಿಚ್ಚಿದರೆ ಎಲ್ಲವನ್ನೂ ಒಯ್ಯುತ್ತೇನೆ, ಹೀಗೇ ಇದ್ದರೆ ಇದು ಬರೀ ಕೌದಿ, ವಿಚಾರ ಮಾಡಿ ಫೋನ್ ಮಾಡ್ರಿ ಎಂದು ಹೇಳಿ ಹೊರಟರು. ಚಿಗವ್ವನೂ ಊರಿಗೆ ಹೋಗಲು ಶಿಗ್ಗಾವಿ ಬಸ್ಸು ಹಿಡಿದಳು.

ಕತ್ತರಿ ತಂದು ದಾರಕ್ಕೆ ಹಚ್ಚಿದೆ. ಒಳಗಿನ ಸದ್ದು ಈಗ ಮೆತ್ತಗಾಗಿತ್ತು, ಕದ ಮುಚ್ಚಿದ ಅಡುಗೆಮನೆಯಿಂದ ಬಂದಂತೆ. ಅವ್ವನ ನೆನಪಾಯಿತು. ಬಾಯಿಗೆ ಹೋದ ತುತ್ತು ಕಸಿಯಲು ನನ್ನಿಂದ ಆಗಲಿಲ್ಲ. ಬಿಚ್ಚುವುದಿಲ್ಲವೆಂದು ಫೋನ್ ಮಾಡಿ ಹೇಳಿದೆ. ಕೌದಿ ಇಳಿಸಿ, ಅಲ್ಲೇ ಜಮಖಾನದ ಮೇಲೆ ಹೊದ್ದು ಮಲಗಿಬಿಟ್ಟೆ.

ಕಣ್ಣು ಹತ್ತುವಾಗ ಯಾರೋ ಇಬ್ಬರು ಒಳಗೆ ಬಂದ ಸಪ್ಪಳ. ಎಲ್ಲ ಸುತ್ತಿ ಬಂದು ನನ್ನ ಕಾಲ ಬಳಿ ನಿಂತರು.

"ಸಾವಕಾಶ ನಡೀ," ಎಂದಿತು ಒಂದು ದನಿ, "ಇಷ್ಟ ನೋಡಿದ್ರಾಗ ಇದೊಂದ ನನಗ ತಿಳೀತು."