ಒರೆಸಿದ ಮೆಟ್ಟಿಲು, ಹತ್ತಿದ ಮೆಟ್ಟಿಲು

ಇವತ್ತು ಮಂಜು ಎಷ್ಟು ದಟ್ಟವಾಗಿ ಇಳಿದಿದೆಯೆಂದರೆ ಚರ್ಚಿನ ಗೋಪುರಕ್ಕೆ ತಲೆಯೇ ಇಲ್ಲ. ಅದರ ಬುಡದಲ್ಲಿ ನಿಂತು ಗಂಟೆಯಮ್ಮ ಹಗ್ಗ ಜಗ್ಗುತ್ತಿದ್ದಾರೆ. ಬೆಳಗಿನ ಐದಕ್ಕೆ ಹನ್ನೆರಡು ಸಲ. ಹಗ್ಗ ಬಿಟ್ಟ ಕೈ ಪೊರಕೆ ಹಿಡಿಯುತ್ತದೆ. ನಲವತ್ತು ಬೆಂಚು, ನಾಲ್ಕು ಬಾಗಿಲು, ಕೊನೆಗೆ ನಿಂತು ಬೋಧಿಸುವ ಪ್ರಸಂಗಪೀಠದ ಮೂರು ಮೆಟ್ಟಿಲು. ಆ ಮೂರಕ್ಕೆ ಪೊರಕೆ ಸಾಲದು. ಮಂಡಿಯೂರಿ ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಇಪ್ಪತ್ತಾರು ವರ್ಷದಲ್ಲಿ ಒಂದು ದಿನವೂ ತಪ್ಪಿಲ್ಲ, ಗಂಡನನ್ನು ಮಣ್ಣು ಮಾಡಿದ ಮಾರನೆಯ ಬೆಳಗ್ಗೆಯೂ.

“ಹೆಂಗಸರು ಈ ಮೆಟ್ಟಿಲು ಹತ್ತಬಹುದಾ ಅಂತ ಚರ್ಚಿನ ಹಿರಿಯರು ಒಂಬತ್ತು ವರ್ಷ ಚರ್ಚೆ ಮಾಡಿದ್ರು,” ಎನ್ನುತ್ತಾರೆ ಬಟ್ಟೆ ಹಿಂಡುತ್ತ. “ನಾನು ಇಲ್ಲೇ ಒರೆಸ್ತಿದ್ದೆ. ಆಚೆ ಸರಿಯಮ್ಮ, ಮುಖ್ಯವಾದ ಮಾತು ನಡೀತಿದೆ ಅಂದ್ರು. ಪೊರಕೆ ಹಿಡಿದು ಹತ್ತಿದ್ರೆ ಯಾರ ತಕರಾರೂ ಇಲ್ಲ. ಪುಸ್ತಕ ಹಿಡಿದು ಹತ್ತಿದ್ರೆ ಮಾತ್ರ ಎಲ್ಲರಿಗೂ ಬೈಬಲ್ ವಾಕ್ಯ ನೆನಪಾಗುತ್ತೆ!”

ಸಭಾಪಾಲಕರಿಗೆ, ಅಂದರೆ ಪಾದ್ರಿಗಳಿಗೆ, ಮೂರು ಊರಿನ ಚರ್ಚು. ಅವರು ಬರುವಷ್ಟರಲ್ಲಿ ಜೀವ ಕಾಯುವುದಿಲ್ಲ. ಹಾಗಾಗಿ ಸಾಯುವವರ ತಲೆದೆಸೆಯಲ್ಲಿ ಕೂತು ಪ್ರಾರ್ಥಿಸಲು ಜನ ಕರೆಯುವುದು ಗಂಟೆಯಮ್ಮನನ್ನೇ. ಇಲ್ಲಿಯವರೆಗೆ ಇನ್ನೂರಕ್ಕೂ ಹೆಚ್ಚು ಮನೆ. ಓದಿದ್ದು ಏಳನೇ ತರಗತಿ, ಆದರೆ ಕೀರ್ತನೆ ಪುಸ್ತಕದ ಮುನ್ನೂರು ಹಾಡೂ ಬಾಯಿಪಾಠ.

ಹೆಣ್ಣೂ ಬೋಧಿಸಬಹುದು ಎಂದು ಕೊನೆಗೆ ತೀರ್ಮಾನವಾದ ದಿನ, ಗಂಟೆಯಮ್ಮ ಯಾರಿಗೂ ಹೇಳದೆ ಒಂದು ಒಳ್ಳೆಯ ಸೀರೆಗೆ ಇಸ್ತ್ರಿ ಹಾಕಿಟ್ಟರು. ಹಿರಿಯರು ಆರಿಸಿದ್ದು ಅವರ ಓರಗಿತ್ತಿಯನ್ನು. ಮೈದುನನ ಹೆಂಡತಿ, ಒಂದೇ ಮನೆ, ಒಂದೇ ಒಲೆ. ಶಾಲೆಯಲ್ಲಿ ಪಾಠ ಹೇಳುವವಳು, ಎರಡು ವರ್ಷ ಕ್ರೈಸ್ತ ವೇದಶಾಸ್ತ್ರ ಓದಿದವಳು.

“ನಾನು ಉತ್ತ ಹೊಲಕ್ಕೆ ಅವಳು ಕೊಯ್ಲಿಗೆ ಬಂದ ಹಾಗಾಯ್ತು. ಹೊಟ್ಟೆ ಉರೀತು, ದೇವರ ಮನೇಲಿ ಸುಳ್ಳು ಯಾಕೆ ಹೇಳ್ಲಿ? ಸಂಜೆ ಅವಳು ಪ್ರಸಂಗ ಓದ್ಕೊಳ್ತಾ ಕೂತ್ರೆ ನಾನು ಪಾತ್ರೆ ಬಡೀತಿದ್ದೆ. ‘ಅಕ್ಕಾ, ಸ್ವಲ್ಪ ಮೆಲ್ಲಗೆ’ ಅಂದ್ಲು. ‘ಪಾತ್ರೆ ಬಾಯಿಮಾತಿಗೆ ಬೆಳಗಲ್ಲ ಕಣಮ್ಮ’ ಅಂದೆ.”

ಪ್ರತಿ ಭಾನುವಾರ ಹಾಡುಗಳ ಸಂಖ್ಯೆಯನ್ನು ಗೋಡೆಯ ಹಲಗೆಗೆ ತೂಗುಹಾಕುವುದೂ ಗಂಟೆಯಮ್ಮನ ಕೆಲಸ. ಇಲ್ಲಿ ಹಲಗೆ ಹೇಳಿದ್ದೇ ಹಾಡು. ಯಾರೂ ಮರುಮಾತು ಕೇಳುವುದಿಲ್ಲ. ಹೋದ ಭಾನುವಾರ, ಮೊದಲ ಪ್ರಸಂಗಕ್ಕೆಂದು ಓರಗಿತ್ತಿ ಬರೆದುಕೊಟ್ಟಿದ್ದು ೧೧೨, ಸ್ತುತಿಗೀತೆ. ಹಲಗೆ ಏರಿದ್ದು ೨೧೧, ಹೆಣ ಎತ್ತುವಾಗಿನ ಹಾಡು. ಸಭೆಯೆಲ್ಲ ಎದ್ದು ನಿಂತು ಹೊಸ ಬೋಧಕಿಯ ಮುಂದೆ ಅದನ್ನೇ ಹಾಡಿತು. ಯಾರೋ ಕಿಸಕ್ಕೆಂದರು. ಪೀಠದ ಮೇಲಿದ್ದವಳ ಪ್ರಸಂಗ ಅರ್ಧಕ್ಕೇ ಮುಗಿಯಿತು.

“ಮೊದಲ ದಿನವೇ ಸಾವಿನ ಹಾಡು ಆರಿಸಿದಳಲ್ಲ! ದೇವರೇ ಬೇಡ ಅಂದ ಹಾಗಾಯ್ತು,” ಎಂದರಂತೆ ಹಿರಿಯರ ಮುಖ್ಯಸ್ಥರು. ಹೆಂಗಸರಿಗೆ ಪೀಠ ಮತ್ತೆ ಮುಚ್ಚಬೇಕೇ ಎಂಬುದು ಇವತ್ತು ಒಂಬತ್ತಕ್ಕೆ ತೀರ್ಮಾನವಾಗಲಿದೆ. ತಾನು ಬರೆದ ಸಂಖ್ಯೆ ಯಾವುದೆಂದು ಗೊತ್ತಿದ್ದೂ ಓರಗಿತ್ತಿ ಬಾಯಿ ಬಿಟ್ಟಿಲ್ಲ.

“ಬೈದಿದ್ರೆ ಚೆನ್ನಾಗಿತ್ತು. ದಿನಾ ನನ್ನ ತಟ್ಟೆಗೇ ಮೊದಲು ಬಡಿಸ್ತಾಳೆ.”

ಒಂಬತ್ತಕ್ಕೆ ಗಂಟೆಯಮ್ಮ ಒದ್ದೆ ಬಟ್ಟೆ ಕೈಯಲ್ಲಿ ಹಿಡಿದೇ ಹಿರಿಯರ ಕೋಣೆಗೆ ಹೋಗುತ್ತಾರೆ.

“ಆಮೇಲೆ ಒರೆಸಮ್ಮ,” ಎನ್ನುತ್ತಾರೆ ಮುಖ್ಯಸ್ಥರು.

“ಒರೆಸೋಕೆ ಬಂದಿಲ್ಲ. ಸಂಖ್ಯೆ ತಿರುವಿ ಹಾಕಿದ್ದು ನಾನು. ಕೈತಪ್ಪಿ ಅಲ್ಲ, ಬೇಕಂತಲೇ. ನನ್ನ ಹೊಟ್ಟೆಕಿಚ್ಚನ್ನ ದೇವರ ಮೇಲೆ ಹಾಕ್ಬೇಡಿ.”

“ಕೆಲಸ ಹೋಗಬಹುದು, ಗೊತ್ತೇನು?”

“ಗೊತ್ತು. ಅವಳ ಭಾನುವಾರ ಹೋಗ್ಬಾರ್ದು.”

ಅರ್ಧ ಗಂಟೆ ಅವರು ಹೊರಗಿನ ಬೆಂಚಿನಲ್ಲಿ ಕೂರುತ್ತಾರೆ. ಒಳಗೆ ದನಿ ಏರುತ್ತದೆ, ಇಳಿಯುತ್ತದೆ. ಕೊನೆಗೆ ಕೈಗೆ ಒಂದು ಚೀಟಿ ಬರುತ್ತದೆ: ಬರುವ ಭಾನುವಾರವೂ ಅವಳದೇ ಪ್ರಸಂಗ. ಗಂಟೆಯಮ್ಮನ ವಿಷಯ ಮುಂದಿನ ಸಭೆಗೆ.

ಮನೆಯಲ್ಲಿ ಓರಗಿತ್ತಿ ಬಟ್ಟೆ ಮಡಿಸುತ್ತಿದ್ದಾಳೆ. ಗಂಟೆಯಮ್ಮ ಕೈ ಒರೆಸಿಕೊಂಡು ಚೀಟಿ ಮುಂದೆ ಹಿಡಿಯುತ್ತಾರೆ.

“ಏನಕ್ಕಾ ಇದು?”

“ನಿನ್ನ ಭಾನುವಾರ. ಒಂದು ವಾರ ನನ್ನ ಹತ್ರ ಇತ್ತು.”