ಮರಿಗೆ ಇಟ್ಟಿದ್ದ ಸೀಟು

ಎಪ್ಪತ್ತಾರನೇ ಇಸವಿ. ಶಿವರಾತ್ರಿಗೆ ಇನ್ನೂ ಒಂದು ವಾರ ಇತ್ತು. ಆ ದಿನ ನಾನು ನಾಯಿಮರಿಯೊಂದನ್ನು ತೊಡೆಯ ಮೇಲೆ ಕೂರಿಸಿಕೊಂಡು ಪ್ರೈವೇಟ್ ಜೆಟ್ಟಿನಲ್ಲಿ ಸಾಗರಕ್ಕೆ ಬಂದೆ. ನಗಬೇಡಿ, ಸುಳ್ಳಲ್ಲ. ನಾಲ್ಕನೇ ಕ್ಲಾಸು ಓದಿದವಳು ನಾನು, ಕಥೆ ಕಟ್ಟಲು ಬರುವುದಿಲ್ಲ.

ತೀರ್ಥಹಳ್ಳಿಯಿಂದ ಕೋಣಂದೂರು, ಹೊಸನಗರದ ಮೇಲೆ ಸಾಗರಕ್ಕೆ ಆಗ ಒಂದು ಪ್ರೈವೇಟ್ ಬಸ್ಸು ಓಡುತ್ತಿತ್ತು. ಅದರ ಹಣೆಯ ಮೇಲೆ ದೇವರ ಹೆಸರು ಬರೆದಿದ್ದರೂ ಜನರೆಲ್ಲ ಅದನ್ನು ಕರೆಯುತ್ತಿದ್ದುದು ಜೆಟ್ ಎಂದೇ. ವೇಗಕ್ಕೆ ಬಂದ ಹೆಸರಲ್ಲ ಅದು. ಏರು ಹತ್ತುವಾಗ ಅದು ಹೊರಡಿಸುತ್ತಿದ್ದ ಸದ್ದಿಗೆ ಬಂದದ್ದು. ಎರಡು ಮೈಲಿ ಆಚೆಗೇ ಕೇಳುತ್ತಿತ್ತು. "ಜೆಟ್ ಬಂತು, ಏಳ್ರಾ" ಎಂದು ಜನ ಕಾಫಿ ಲೋಟ ಕೆಳಗಿಡುತ್ತಿದ್ದರು. ಈಗ ಇದನ್ನೆಲ್ಲ ಬರೆಯಲು ಕೂತಿದ್ದಕ್ಕೆ ನನ್ನ ಮೊಮ್ಮಗಳು ಕಾರಣ. ಅವಳ ಸುದ್ದಿ ಕೊನೆಗೆ ಹೇಳುತ್ತೇನೆ. ಮೊದಲೇ ಹೇಳಿಬಿಟ್ಟರೆ ಖುಷಿಯಲ್ಲಿ ಉಳಿದದ್ದೆಲ್ಲ ಮರೆತುಹೋಗುತ್ತದೆ.

ನನ್ನ ತವರು ಅರಳಸುರಳಿಯ ಹತ್ತಿರ. ಗಂಡನ ಮನೆ ಸಾಗರ. ನಮ್ಮವರಿಗೆ ಅಲ್ಲಿ ಸೈಕಲ್ ರಿಪೇರಿ ಅಂಗಡಿ ಇತ್ತು. ಮೊದಲ ಬಸುರಿನಲ್ಲಿ ಏಳು ತಿಂಗಳಿಗೆ ಬೀದಿಯ ಹೆಂಗಸರೆಲ್ಲ ಸೇರಿ ಬಳೆ ತೊಡಿಸಿ, ಮಡಿಲು ತುಂಬಿ ನನ್ನನ್ನು ತವರಿಗೆ ಕಳಿಸಿದರು. ಹೋಗಿದ್ದು ಇದೇ ಜೆಟ್ಟಿನಲ್ಲಿ. "ಸ್ವಲ್ಪ ನಿಧಾನ ಹೋಗಿ ಮಂಜಣ್ಣ" ಎಂದು ನಮ್ಮವರು ಹೇಳಿದ್ದಕ್ಕೆ ಡ್ರೈವರ್ ಮಂಜಣ್ಣ ಒಂದೊಂದು ಹೊಂಡಕ್ಕೂ ಬಸ್ಸನ್ನು ಕೈಯಲ್ಲಿ ಹಿಡಿದು ಇಳಿಸಿದ ಹಾಗೆ ಮೆಲ್ಲಗೆ ಇಳಿಸಿದ್ದರು.

ಮಗು ಹುಟ್ಟಿತು. ಗಂಡು. ಎಂಟನೇ ದಿನಕ್ಕೆ ಹೋಗಿಬಿಟ್ಟಿತು. ಹೆಸರೂ ಇಟ್ಟಿರಲಿಲ್ಲ. ನಮ್ಮವರು ಬಂದರು, ಜಗಲಿಯಲ್ಲಿ ಒಂದು ದಿನ ಸುಮ್ಮನೆ ಕೂತರು, ಅಂಗಡಿ ಇದೆಯಲ್ಲ, ಹೋದರು. ನಾನು ಮೂರು ತಿಂಗಳು ಮೂಲೆ ಹಿಡಿದು ಮಲಗಿದೆ. ಸಾಗರದ ಮಾತೆತ್ತಿದರೆ ಗೋಡೆಗೆ ಮುಖ ಮಾಡುತ್ತಿದ್ದೆ. ಬಳೆ ತೊಡಿಸಿದ ಹೆಂಗಸರೆಲ್ಲ ಬಾಗಿಲಲ್ಲಿ ನಿಂತು ನೋಡುವಾಗ ಖಾಲಿ ಕೈಯಲ್ಲಿ ಆ ಬೀದಿಗೆ ಹೇಗೆ ಕಾಲಿಡಲಿ? "ಇನ್ನು ನಾನು ಅಲ್ಲಿಗೆ ಹೋಗುವುದೇ ಇಲ್ಲ" ಎಂದು ಅವ್ವನಿಗೆ ಹೇಳಿಯೂ ಆಗಿತ್ತು.

ಅಷ್ಟರಲ್ಲಿ ನಮ್ಮ ಮನೆಯ ನಾಯಿಯನ್ನು ಚಿರತೆ ಹಿಡಿಯಿತು. ನಾಯಿ ಹಾಕಿದ ಮರಿಗಳಲ್ಲಿ ಒಂದೇ ಒಂದು ಉಳಿದಿತ್ತು. ಕಣ್ಣು ಬಿಟ್ಟು ಎರಡು ದಿನ ಆಗಿತ್ತಷ್ಟೆ. ದನದ ಹಟ್ಟಿಯಲ್ಲಿ ಅದು ಕುಂಯ್‌ಗುಡುವುದನ್ನು ಕೇಳಲಾರದೆ ನಾನು ಎದ್ದೆ. ಮೂರು ತಿಂಗಳಲ್ಲಿ ನಾನಾಗಿ ಎದ್ದಿದ್ದು ಅದೇ ಮೊದಲು. ಬತ್ತಿಯನ್ನು ಹಾಲಿನಲ್ಲಿ ಅದ್ದಿ ಬಾಯಿಗಿಟ್ಟೆ, ಚೀಪಿತು. ಆಮೇಲೆ ನನ್ನ ಸೆರಗು ಬಿಡಲೇ ಇಲ್ಲ. ಮೂರು ವಾರ ಕಳೆಯುವಷ್ಟರಲ್ಲಿ ಉಂಡೆಯ ಹಾಗಾಯಿತು. ಒಂದು ದಿನ ಅಪ್ಪಯ್ಯನಿಗೆ ನಾನೇ ಹೇಳಿದೆ, "ಸಾಗರಕ್ಕೆ ಹೋಗ್ತೀನಿ. ಆದ್ರೆ ಮರಿನ ಬಿಟ್ಟು ಹೋಗಲ್ಲ."

ಅವ್ವ ರೇಗಿದಳು. "ನಾಯಿಮರಿ ಕಂಕುಳಲ್ಲಿ ಇಟ್ಕಂಡು ಗಂಡನ ಮನಿಗೆ ಹೋಗ್ತಾರೇನೇ? ಕಂಡೋರು ಎಂತ ಹೇಳ್ತಾರೆ?"

"ಹೋಗ್ಲಿ ಬಿಡೇ. ಹೊರಟಳಲ್ಲ, ಅಷ್ಟು ಸಾಕು" ಎಂದ ಅಪ್ಪಯ್ಯ ಕೋಣಂದೂರಿನ ಸಂತೆಗೆ ಹೋದಾಗ ಜೆಟ್ಟಿನ ಕಂಡಕ್ಟರ್ ಶೇಷಪ್ಪನಿಗೆ ಹೇಳಿ ಬಂದರು. "ನಾಳೆ ಮಗಳು ಸಾಗರಕ್ಕೆ ಹೊರಟಿದಾಳೆ. ಜೊತೆಗೆ ಮರಿ ಇದೆ. ಮುಂದೊಂದು ಸೀಟು ಇಟ್ಟಿರಿ ಮಾರಾಯ್ರೆ."

ಅವರು ಹೇಳಿದ್ದು ಇಷ್ಟೇ. ನಮ್ಮ ಅಪ್ಪಯ್ಯನ ಬಾಯಲ್ಲಿ ನಾಯಿದೂ ಮರಿ, ಬೆಕ್ಕಿಂದೂ ಮರಿ, ಮನೆಯ ಮಕ್ಕಳೂ ಮರಿಯೇ.

ಮರುದಿನ ಬೆಳಿಗ್ಗೆ ಕೋಣಂದೂರಿನಲ್ಲಿ ಮಂಜು ಹರಿದಿರಲಿಲ್ಲ. ಜೆಟ್ ಬಂದು ನಿಂತಿತು. ಒಳಗೆ ಕಾಲಿಡಲೂ ಜಾಗವಿಲ್ಲ. ಆದರೆ ಡ್ರೈವರ್ ಪಕ್ಕದ ಉದ್ದ ಸೀಟಿನ ಅರ್ಧ ಖಾಲಿ. ಅದರ ಮೇಲೆ ನಾಲ್ಕು ಮಡಿಕೆ ಮಾಡಿದ ಕಂಬಳಿ ಹಾಸಿತ್ತು. ಪಕ್ಕದಲ್ಲಿ ಒಬ್ಬ ಮುದುಕಿ ಕೂತಿದ್ದಳು. ಅಪ್ಪಯ್ಯ ನನ್ನ ಟ್ರಂಕು ಕಟ್ಟಲು ಏಣಿ ಹತ್ತಿ ಬಸ್ಸಿನ ಟಾಪಿಗೆ ಹೋದರು. ನಾನು ಮುಚ್ಚಿದ ಬುಟ್ಟಿಯನ್ನು ಎದೆಗೆ ಒತ್ತಿಕೊಂಡು ಹತ್ತಿದೆ.

"ಸರೀರಿ, ಸರೀರಿ, ಬಾಣಂತಿ ಬಂದ್ರು" ಎಂದು ಶೇಷಪ್ಪ ದಾರಿ ಮಾಡಿಸಿದ. "ಗಾಳಿ ಹೊಡಿಬಾರ್ದು ಅಂತ ಕಿಟಕಿಗೂ ಪರದೆ ಹಾಕ್ಸಿದೀನಿ ಅಮ್ಮಾ. ಬುಟ್ಟೀಲೇ ಮಲಗ್ಸಿದೀರಾ? ಗಂಡೋ ಹೆಣ್ಣೋ?"

ಆಗ ನನಗೆ ಗೊತ್ತಾಯಿತು. ನೆಲ ಬಿರಿದಿದ್ದರೆ ಒಳಗೆ ಹೋಗಿಬಿಡುತ್ತಿದ್ದೆ. ಅಷ್ಟರಲ್ಲಿ ಮುದುಕಿ, "ಎಲ್ಲಿ, ಮುಖ ನೋಡಣ" ಎಂದು ಬುಟ್ಟಿಯ ಬಟ್ಟೆ ಸರಿಸಿದಳು. ಮರಿ ತಲೆ ಎತ್ತಿ ಎಲ್ಲರನ್ನೂ ನೋಡಿ ಒಂದು ಸಲ ಬೊಗಳಿತು. ಬೊಗಳಲು ಅದಕ್ಕೆ ಇನ್ನೂ ಸರಿಯಾಗಿ ಬರುತ್ತಿರಲಿಲ್ಲ.

"ಇದೆಂತ ಅಮ್ಮಾ! ನಾಯಿಮರಿ!" ಎಂದ ಶೇಷಪ್ಪ.

ಹಿಂದೆ ಜೋತುಬಿದ್ದು ನಿಂತಿದ್ದ ಬಿಳಿ ಪಂಚೆಯವರೊಬ್ಬರು, ಹೊಸನಗರದ ಕೋರ್ಟಿಗೆ ಹೊರಟವರು, "ಚೆನ್ನಾಗೈತೆ! ನಾಯಿಗೆ ಕಂಬಳಿ ಹಾಸಿ ಸೀಟು. ನಾವು ತೀರ್ಥಳ್ಳಿಯಿಂದ ಬಾವಲಿ ಹಂಗೆ ನೇತಾಡ್ತಾ ಬಂದೀವಿ" ಎಂದರು. ಬಸ್ಸೆಲ್ಲ ನಕ್ಕಿತು.

ಶೇಷಪ್ಪನಿಗೆ ಅವಮಾನವಾಯಿತು. "ನಾಯಿ ಒಳಗೆ ಹತ್ತಿಸಂಗಿಲ್ಲ. ಬುಟ್ಟಿ ಟಾಪಿಗೆ ಹಾಕಿ" ಎಂದ.

ಆ ಚಳಿ ಗಾಳಿಯಲ್ಲಿ, ಆ ಕುಲುಕಾಟದಲ್ಲಿ ಅದು ಹೊಸನಗರವನ್ನೂ ಕಾಣುತ್ತಿರಲಿಲ್ಲ. ನನಗೆ ಇನ್ನೊಂದನ್ನು ಕಳೆದುಕೊಳ್ಳುವ ಶಕ್ತಿ ಇರಲಿಲ್ಲ. "ಹಂಗಾರೆ ನಾನೂ ಇಳಿತೀನಿ" ಎಂದೆ. ಒಂದು ಕಾಲು ಮೆಟ್ಟಿಲ ಮೇಲೆ ಇಟ್ಟೂ ಆಯಿತು. ಅವತ್ತು ಇಳಿದಿದ್ದರೆ ಮತ್ತೆ ಸಾಗರದ ಬಸ್ಸು ಹತ್ತುತ್ತಿರಲಿಲ್ಲ. ಈಗಲೂ ಆಣೆ ಮಾಡಿ ಹೇಳುತ್ತೇನೆ.

ಟಾಪಿನಿಂದ ಅಪ್ಪಯ್ಯನ ತಲೆ ಕಿಟಕಿಯಲ್ಲಿ ತಲೆಕೆಳಗಾಗಿ ಕಾಣಿಸಿತು. "ನಾನು ಮರಿ ಅಂತ್ಲೇ ಹೇಳಿದ್ದಲ್ವಾ ಮಾರಾಯ್ರೆ?"

ಮುದುಕಿ ನನ್ನ ಸೆರಗು ಹಿಡಿದಳು. ನನಗೆ ಮಾತ್ರ ಕೇಳುವ ಹಾಗೆ, "ಕೂಸು ಎಲ್ಲಿ ಮಗಾ?" ಎಂದಳು.

"ಉಳಿಲಿಲ್ಲ" ಎಂದೆ.

ನಾನೂ ಮೆಲ್ಲಗೇ ಹೇಳಿದ್ದು. ಆದರೆ ಅದು ಡ್ರೈವರ್ ಸೀಟಿಗೆ ಕೇಳಿತು. ಮಂಜಣ್ಣ ಎಂಜಿನ್ ಆಫ್ ಮಾಡಿದರು. ಅಷ್ಟು ಸದ್ದು ಮಾಡುತ್ತಿದ್ದ ಬಸ್ಸು ಸುಮ್ಮನಾದ ಕೂಡಲೇ ಜನರೂ ಸುಮ್ಮನಾದರು.

"ಶೇಷಪ್ಪಾ, ನಿನ್ನೆ ಇವರಪ್ಪ ಎಂತ ಹೇಳಿದ್ದು?"

"ಮರಿ ಇದೆ, ಸೀಟು ಇಡಿ ಅಂತ."

"ನೀನು ಎಂತ ಅಂದೆ?"

"ಆಗ್ಲಿ ಅಂದೆ."

"ಈಗ ಬಂದಿರದು ಮರಿ ಹೌದಾ, ಅಲ್ವಾ?"

ಶೇಷಪ್ಪ ಬುಟ್ಟಿ ನೋಡಿದ, ನನ್ನ ಮುಖ ನೋಡಿದ. "ಹೌದು" ಎಂದ.

"ಮತ್ತೆಂತ? ಮರಿಗೆ ಇಟ್ಟ ಸೀಟು, ಮರಿ ಬಂತು. ಕೂತ್ಕೊ ತಂಗಿ."

ನಾನು ಕೂತೆ. ಅಪ್ಪಯ್ಯ ಟಾಪಿನಿಂದ ಇಳಿದು ರಸ್ತೆಯಲ್ಲಿ ನಿಂತರು, ಬಸ್ಸು ಹೊರಟಿತು. ಮುದುಕಿ ತನ್ನ ಎಲೆಯಡಿಕೆ ಸಂಚಿಯಿಂದ ಚಿಕ್ಕ ಕಾಡಿಗೆ ಡಬ್ಬಿ ತೆಗೆದಳು. ಮಗು ಬರುತ್ತದೆ ಎಂದು ಶೇಷಪ್ಪ ಹೇಳಿದಾಗಲೇ ಅದನ್ನು ಕೈಗೆ ಸಿಗುವ ಹಾಗೆ ಮೇಲೆ ಇಟ್ಟುಕೊಂಡಿದ್ದಳಂತೆ. ಬೆರಳು ಅದ್ದಿ ಮರಿಯ ಹಣೆಗೆ ದೊಡ್ಡ ಬೊಟ್ಟು ಇಟ್ಟಳು. "ಇಷ್ಟು ಜನ ಕಣ್ಣು ಹಾಕ್ತಿದ್ರೆ ದೃಷ್ಟಿ ಆಗದೆ ಇರ್ತದಾ?" ಎಂದಳು. ಮರಿ ಕರಿಯದು. ಕರಿ ಮರಿಗೆ ಕರಿ ಬೊಟ್ಟು! "ಎಲ್ಲಿಟ್ಟೆ ಅಜ್ಜಿ, ಕಾಣದೇ ಇಲ್ವಲ್ಲ" ಎಂದರು ಬಿಳಿ ಪಂಚೆಯವರು. ನನಗೆ ನಗು ಬಂದುಬಿಟ್ಟಿತು. ಬಾಯಿಗೆ ಸೆರಗು ಒತ್ತಿದರೂ ನಿಲ್ಲಲಿಲ್ಲ. ನಗುತ್ತಲೇ ಅಳು ಬಂತು. ಮುದುಕಿ ನನ್ನ ತಲೆಯನ್ನು ತನ್ನ ಭುಜಕ್ಕೆ ಎಳೆದುಕೊಂಡಳು. ಹೊಸನಗರದ ತನಕ ಹಾಗೇ ಇದ್ದೆ. ಅವಳ ಹೆಸರು ಕೇಳಲಿಲ್ಲ. ಹೊಸನಗರದಲ್ಲಿ ಇಳಿದು ಹೋದಳು.

ಅಲ್ಲಿಂದ ಮುಂದೆ ಮರಿ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಯಿತು. ಯಾರೋ ಬನ್ನಿನ ಚೂರು ಕೊಟ್ಟರು. ಶೇಷಪ್ಪ ಎತ್ತಿಕೊಂಡಾಗ ಅವನ ಖಾಕಿ ಅಂಗಿ ಒದ್ದೆ ಮಾಡಿತು. "ಮರಿದು ಟಿಕೆಟ್ ಚಾರ್ಜು ಬಂತು ನೋಡಿ ಮಂಜಣ್ಣ" ಎಂದ.

ಸಾಗರದ ಬಸ್ ಸ್ಟ್ಯಾಂಡಿನಲ್ಲಿ ನಮ್ಮವರು ಸೈಕಲ್ ಹಿಡಿದು ನಿಂತಿದ್ದರು. ನಾನು ಬುಟ್ಟಿ ಹಿಡಿದು ಇಳಿದೆ. ಅವರ ಮುಖ ನೋಡಲು ಧೈರ್ಯ ಬರಲಿಲ್ಲ. ಅವರು ಬಗ್ಗಿ ಒಳಗೆ ನೋಡಿ, ಒಂದು ಬೆರಳಿನಿಂದ ಮರಿಯ ತಲೆ ಸವರಿದರು. ಆಮೇಲೆ, "ಹೆಸರಿಟ್ಟಿದೀಯಾ?" ಎಂದು ಕೇಳಿದರು.

ಫುಟ್‌ಬೋರ್ಡಿನಿಂದ ಶೇಷಪ್ಪನೇ ಕೂಗಿದ. "ನಾವೇ ಇಟ್ಟಾಗಿದೆ! ಜೆಟ್ ಅಂತ."

ನಮ್ಮವರು ಬುಟ್ಟಿಯನ್ನು ಹ್ಯಾಂಡಲಿಗೆ ಸಿಕ್ಕಿಸಿ, ಟ್ರಂಕನ್ನು ಕ್ಯಾರಿಯರಿಗೆ ಕಟ್ಟಿ ಸೈಕಲ್ ತಳ್ಳಿಕೊಂಡು ನಡೆದರು. ನಾನು ಪಕ್ಕದಲ್ಲಿ. ಬೀದಿಯ ಹೆಂಗಸರು ಬಾಗಿಲಿಗೆ ಬಂದರು. ನಾನು ಹೆದರಿದ ಹಾಗೆ ಯಾರೂ ನನ್ನ ಕೈ ನೋಡಲಿಲ್ಲ. "ಅಯ್ಯ, ಇದರ ಹಣೇಲಿ ಹೊಳಿತಿರದು ಎಂತದೇ?" ಎಂದು ಬುಟ್ಟಿಗೇ ಬಗ್ಗಿದರು. ಮಾತು ಅಲ್ಲಿಂದ ಶುರುವಾಯಿತು, ನನ್ನ ಸಂಸಾರವೂ.

ಎರಡು ವರ್ಷಕ್ಕೆ ನನ್ನ ಮಗಳು ಹುಟ್ಟಿದಳು. ಜೆಟ್ ಅವಳ ತೊಟ್ಟಿಲ ಕೆಳಗೆ ಮಲಗುತ್ತಿತ್ತು. ಅವಳನ್ನು ಶಾಲೆಗೆ ಬಿಟ್ಟು ಬರುತ್ತಿತ್ತು. ಅವಳು ನಾಲ್ಕನೇ ಕ್ಲಾಸು ಪಾಸಾದ ವರ್ಷ ಮುದಿಯಾಗಿ ತೀರಿಹೋಯಿತು. ಆ ಕಥೆ ಕೇಳಿ ಕೇಳಿಯೇ ಅವಳ ಮಗಳು, ನನ್ನ ಮೊಮ್ಮಗಳು, ಪ್ರಾಣಿಗಳ ಡಾಕ್ಟರಾದಳು. ಅವಳನ್ನು ನಾನು ಕರೆಯುವುದು ಮರಿ ಎಂದೇ.

ಈಗ ಸುದ್ದಿ. ಹೋದ ತಿಂಗಳು ಮರಿ ಫೋನು ಮಾಡಿದಳು. ದೊಡ್ಡವರೊಬ್ಬರ ನಾಯಿಗೆ ಆಪರೇಷನ್ ಆಗಿತ್ತಂತೆ. ಅದನ್ನು ದೂರದ ಊರಿಗೆ ಸಣ್ಣ ವಿಮಾನದಲ್ಲಿ ಕರೆದೊಯ್ಯುವಾಗ ಜೊತೆಗೆ ಡಾಕ್ಟರಾಗಿ ಹೋದವಳು ಇವಳಂತೆ. "ಅಜ್ಜಿ, ನಾನೂ ಪ್ರೈವೇಟ್ ಜೆಟ್ಟಲ್ಲಿ ಹೋದೆ!" ಎಂದು ಕಿರುಚಿದಳು. ನಾನೂ ಕಿರುಚಿದೆ. ಪಕ್ಕದ ಮನೆಯವರು ಏನಾಯಿತೋ ಎಂದು ಓಡಿ ಬಂದರು. ಬಂದವರಿಗೆಲ್ಲ ಕಾಫಿ ಮಾಡಿ ಕೊಟ್ಟು ಹೇಳಿದೆ. ಇವತ್ತಿಗೂ ಹೇಳುತ್ತಿದ್ದೇನೆ, ಈಗ ನಿಮಗೂ ಹೇಳಿದೆ.

"ನಾಯಿ ಹೆದರಲಿಲ್ವೇನೇ?" ಎಂದು ಕೇಳಿದೆ.

"ಹೆದರಿತ್ತು ಅಜ್ಜಿ. ವಿಮಾನ ಹೊರಡೋಕೆ ಮುಂಚೆ ನನ್ನ ಕಣ್ಣಿನ ಕಾಡಿಗೆ ಸ್ವಲ್ಪ ತೆಗೆದು ಅದಕ್ಕೊಂದು ಬೊಟ್ಟಿಟ್ಟೆ. ಅದರ ಯಜಮಾನರಿಗೆ ಕಾಣಬಾರದು ಅಂತ ಕಿವಿ ಹಿಂದೆ."

ಹೊಸನಗರದಲ್ಲಿ ಇಳಿದು ಹೋದ ಆ ತಾಯಿಯ ಹೆಸರು ನಾನು ಅವತ್ತು ಕೇಳಬೇಕಿತ್ತು. ಅವಳ ಬೆರಳಿನ ಕಾಡಿಗೆ ಎಲ್ಲಿಯವರೆಗೆ ಹೋಯಿತೆಂದು ಹೇಳಲು ನನಗೀಗ ಅವಳು ಬೇಕಾಗಿದ್ದಾಳೆ.