ಮುಚ್ಚಿದ ಹಲ್ಲಿನೊಳಗೆ

ವಡಾಲದ ನಮ್ಮ ಚಾಳಿನ ರೋಷನಬಿ ಗ್ರಾಂಟ್ ರೋಡಿನ ಒಂದು ಹಲ್ಲಿನ ದವಾಖಾನೆಯಲ್ಲಿ ಆಯಾ. ಇಂಡಿ ತಾಲೂಕಿನಿಂದ ಮದುವೆಯಾಗಿ ಬಂದವಳು. ಹಾಜಿಮಲಂಗ ಎಂಬ ಅವಳ ಗಂಡ ಬಂದರಿನಲ್ಲಿ ಮೂಟೆ ಹೊರುತ್ತಿದ್ದ. ಅಳುವ ಮಕ್ಕಳ ತಲೆ ಹಿಡಿಯುವುದು ಅವಳ ಕೆಲಸ. ಅವಳ ಅಂಗೈ ಕೆನ್ನೆಗೆ ತಾಗಿದರೆ ಎಂಥ ಹಟಮಾರಿ ಮಗುವೂ ಬಾಯಿ ತೆರೆಯುತ್ತಿತ್ತು. ತೆರೆದೊಡನೆ ಅವಳು ಮಾತ್ರ ಮುಖವನ್ನು ಕಿಟಕಿಯತ್ತ ತಿರುಗಿಸಿಬಿಡುತ್ತಿದ್ದಳು. ಹೇಸಿಗೆ ಇರಬೇಕೆಂದು ನಾನು ತಿಳಿದಿದ್ದೆ.

೧೯೭೪ರ ಜೂನಿನಲ್ಲಿ ನನ್ನ ಮಗಳು ವಾರಿಜಾಳಿಗೆ ಆರು ತುಂಬಿತು. ಹಾಲುಹಲ್ಲುಗಳೆಲ್ಲ ಕರಿಮೊಂಡಾಗಿದ್ದವು. ಹಿಂದೆ ಹೊಸ ದವಡೆಹಲ್ಲು ಮೂಡಿದ್ದವು. ಇವು ಹೋದರೆ ಮತ್ತೆ ಬರುವವಲ್ಲ. ರೋಷನಬಿಯೇ ನಮ್ಮನ್ನು ದವಾಖಾನೆಗೆ ಕರೆದೊಯ್ದಳು.

ಮಂಗಳೂರು ಕಡೆಯ ಡಾಕ್ಟರ್ ಸದಾನಂದ ವಿದೇಶದಿಂದ ಎರಡು ಹೊಸ ಮದ್ದು ತರಿಸಿದ್ದರು. ಒಂದು ಫ್ಲೋರೈಡ್ ವಾರ್ನಿಷ್: ಹಳದಿ ಅಂಟು, ಕುಂಚದಲ್ಲಿ ಬಳಿದರೆ ಹಲ್ಲು ಗಟ್ಟಿಯಾಗುತ್ತದೆ, ಆರು ತಿಂಗಳಿಗೊಮ್ಮೆ ಮತ್ತೆ ಬಳಿಯಬೇಕು. ಇನ್ನೊಂದು ಸೀಲೆಂಟ್: ದವಡೆಹಲ್ಲಿನ ಗೀರುಗಳಲ್ಲಿ ಎಂಜಲು ಕೂರದಂತೆ ತುಂಬಿ, ನೇರಳೆ ದೀಪ ಹಿಡಿದು ಗಟ್ಟಿ ಮಾಡುವುದು.

“ಬಲಕ್ಕೆ ಸೀಲ್ ಮಾಡುವ, ಎಡಕ್ಕೆ ವಾರ್ನಿಷ್. ಯಾವುದು ಚೆನ್ನಾಗಿ ಕಾಯ್ತದೆ ನೋಡುವ. ಆಗಬಹುದಾ?” ಎಂದರು.

ರೋಷನಬಿ ನನ್ನನ್ನು ಬಾಗಿಲಾಚೆ ಎಳೆದಳು. “ಎರಡೂ ಕಡಿ ಹಳದೀದಽ ಹಚ್ಚಸ್ರಿ ಅಕ್ಕಾ. ಮುಚ್ಚಸಬ್ಯಾಡ್ರಿ. ಹುಳ ಒಳಗ ಸಿಕ್ಕೊಂಡ್ರ ಒಳಗೊಳಗಽ ತಿಂತದ.”

ಬಷೀರಾಳ ಹೆಸರು ನಾನು ಕೇಳಿದ್ದು ಆಗ. ರೋಷನಬಿಯ ಒಬ್ಬಳೇ ಮಗಳು. ಇವಳು ಆಯಾ ಆಗುವ ಮುಂಚಿನ ಮಾತು, ಮಗುವಿಗೆ ಆಗ ಏಳು ವರ್ಷ. ಹಲ್ಲುನೋವೆಂದು ಅತ್ತಾಗ ಫುಟ್‌ಪಾತಿನ ಹಲ್ಲಿನವನೊಬ್ಬ ತೂತಿಗೆ ಏನನ್ನೋ ಮೆತ್ತಿ ಮುಚ್ಚಿದ್ದ. ನೋವು ನಿಂತಿತೆಂದು ಇವಳು ಅವನಿಗೆ ದುವಾ ಕೊಟ್ಟಿದ್ದಳು. ನಾಲ್ಕನೇ ದಿನ ಬಲಗೆನ್ನೆ ಊದಿತು. ಒಂಬತ್ತನೇ ದಿನ ಮಗು ಇರಲಿಲ್ಲ.

“ಮುಚ್ಚಿಸಿದಾಕಿ ನಾನಽ ಅಲ್ಲೇನ್ರಿ?”

ಹುಳದ ಮಾತು ಕೇಳಿಸಿ ಒಳಗಿನಿಂದಲೇ ಡಾಕ್ಟರರು ನಕ್ಕರು. “ಹುಳ ಎಲ್ಲುಂಟು ಮಾರಾಯ್ತಿ? ಸಿಕ್ಕಿದ್ರೆ ಡಬ್ಬಿಯಲ್ಲಿ ಹಾಕಿ ನಿನಗೇ ಕೊಡ್ತೇನೆ.” ಆಮೇಲೆ ನನಗೆ ತಿಳಿಹೇಳಿದರು: ಬಷೀರಾಳ ಹಲ್ಲು ಕೊಳೆತಿತ್ತು, ಕೀವನ್ನೇ ಒಳಗಿಟ್ಟು ಮುಚ್ಚಿದ್ದರು, ವಾರಿಜಾಳದು ಒಳ್ಳೆಯ ಹಲ್ಲು. ತಪ್ಪು ನಮ್ಮ ಮಾತಿನದ್ದೂ ಹೌದು. ಹುಳುಕು ಹಲ್ಲು ಎನ್ನುತ್ತೇವೆ, ಇಲ್ಲದ ಹುಳವನ್ನು ಅದರೊಳಗೆ ಕೂರಿಸುತ್ತೇವೆ.

ನಾನು ಒಪ್ಪಿದೆ. ರೋಷನಬಿ ತಲೆ ಹಿಡಿಯಲಿಲ್ಲ, ಹೊರಗೆ ಹೋದಳು. ನಾನೇ ಹಿಡಿದೆ.

ಅಂದಿನಿಂದ ಪ್ರತಿ ಬೆಳಿಗ್ಗೆ ನಲ್ಲಿಯ ಸಾಲಿನಲ್ಲಿ ಅವಳು ವಾರಿಜಾಳ ಬಲಗೆನ್ನೆಗೆ ಹಿಂಗೈ ಇಟ್ಟು ನೋಡುತ್ತಿದ್ದಳು. ಎಡಗೆನ್ನೆ ಮುಟ್ಟುತ್ತಿರಲಿಲ್ಲ. ಭಯ ನನಗೂ ಅಂಟಿತು. ಆ ವರ್ಷದ ನನ್ನ ಡೈರಿಯಲ್ಲಿ ಹಾಲು, ಸೀಮೆಎಣ್ಣೆಯ ನಡುವೆ ದಿನವೂ ಎರಡೇ ಪದ: ‘ಬಲಗೆನ್ನೆ ತಂಪು.’ ಒಂದು ದಿನ ಮಗಳು ಕನ್ನಡಿಯೆದುರು ಬಾಯಿ ತೆರೆದು ನಿಂತು ಕೇಳಿದಳು, “ಅಮ್ಮಾ, ನನ್ನ ಹಲ್ಲೊಳಗೆ ಯಾರಿದ್ದಾರೆ?”

ಡಿಸೆಂಬರಿನಲ್ಲಿ ಎಡಕ್ಕೆ ಮತ್ತೆ ಹಳದಿ ಬಳಿಸಿದೆವು. ಮರುವರ್ಷ ಜೂನಿನಲ್ಲಿ ಪರೀಕ್ಷೆ. ಎಡದ ಗೀರಿನಲ್ಲಿ ಕೂದಲೆಳೆಯಷ್ಟು ಕಂದು, ಹುಳುಕಿನ ಶುರು. ಬಲದ ಹಲ್ಲು ಬೆಳ್ಳಗಿತ್ತು, ಸೀಲೆಂಟಿನ ಒಂದು ಮೂಲೆ ಮಾತ್ರ ಕಿತ್ತುಬಂದಿತ್ತು.

“ಗೀರಿಗೆ ಸೀಲೇ ಒಳ್ಳೇದು ಅಂತ ಕಾಣ್ತದೆ. ಆದ್ರೆ ಒಂದು ಬಾಯಿ ನೋಡಿ ಹೇಳ್ಲಿಕ್ಕಾಗುದಿಲ್ಲ. ಕಿತ್ತುಹೋದದ್ದನ್ನು ಈಗಲೇ ಮುಚ್ಚಬೇಕು,” ಎಂದರು ಡಾಕ್ಟರರು.

ಬಾಗಿಲಲ್ಲಿದ್ದ ರೋಷನಬಿ ಒಳಗೆ ಬಂದಳು. “ಮುಚ್ಚೂಕಿಂತ ಮೊದಲ ನಾ ಒಮ್ಮಿ ನೋಡ್ಲೇನ್ರಿ ಸಾಹೇಬ್ರ?”

ಈ ಸಲ ಅವರು ನಗಲಿಲ್ಲ. ಪುಟ್ಟ ಕನ್ನಡಿಯನ್ನು ಅವಳ ಕೈಗಿತ್ತರು. ಒಂಬತ್ತು ವರ್ಷದ ಚಾಕರಿಯಲ್ಲಿ ಒಮ್ಮೆಯೂ ತೆರೆದ ಬಾಯಿಯೊಳಗೆ ನೋಡದವಳು ಬಗ್ಗಿದಳು. ಬಹಳ ಹೊತ್ತು ನೋಡಿದಳು.

“ಯಾರೂ ಇಲ್ಲ,” ಎಂದಳು. “ಮುಚ್ಚ್ರಿ.”

ದೀಪ ಆರುವವರೆಗೂ ಎರಡೂ ಅಂಗೈಯಲ್ಲಿ ನನ್ನ ಮಗಳ ತಲೆ ಹಿಡಿದಿದ್ದಳು.

ಮರುದಿನ ನಲ್ಲಿಯ ಬಳಿ ಅವಳ ಕೈ ಮತ್ತೆ ಚಾಚಿತು. ವಾರಿಜಾ ರೂಢಿಯಂತೆ ಬಲಗೆನ್ನೆ ಒಡ್ಡಿದಳು. ರೋಷನಬಿ ಮೆಲ್ಲಗೆ ಅವಳ ಮುಖ ತಿರುಗಿಸಿ, ಎಡಗೆನ್ನೆಗೆ ಹಿಂಗೈ ಇಟ್ಟಳು.